ಐವತ್ತು ಅಂಕದ ಅಂಜಿಕೆ

‘ಯಾಕ ತಡಾ ಆತು?’

‘ಬಸ್ ತುಂಬಿತ್ರಿ ಸರ್, ನಿಂದ್ರಸಲಿಲ್ರಿ.’

‘ದಿನಾ ಇದ ಕತಿ ನಿಂದು. ಹೊರಗ ನಿಂದ್ರು.’

ಬೆಳಗಾವಿಯ ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ಕಿವಿಯಾರೆ ಕೇಳಿದ ಮಾತಿದು. ಹುಡುಗಿ ಖಾನಾಪುರ ತಾಲ್ಲೂಕಿನವಳು. ಮನೆಯಲ್ಲಿ ಮರಾಠಿ, ಶಾಲೆಯಲ್ಲಿ ಕನ್ನಡ, ಈಗ ಇಂಗ್ಲಿಷಿನ ಪಾಠ. ಒದ್ದೆ ದುಪಟ್ಟಾ ಹೊದ್ದು, ನೋಟ್‌ಬುಕ್ಕನ್ನು ಗೋಡೆಗೆ ಒತ್ತಿ ಹಿಡಿದು, ಬಾಗಿಲಾಚೆ ನಿಂತೇ ಪಾಠ ಬರೆದುಕೊಂಡಳು. ಒಳಗಿದ್ದ ಒಬ್ಬರೂ ತಲೆ ಎತ್ತಲಿಲ್ಲ. ಅವರ ಆ ಮೌನವೇ ನನ್ನನ್ನು ಹೆಚ್ಚು ಕಾಡಿತು.

ಇಷ್ಟಕ್ಕೆಲ್ಲ ಮಾನಸಿಕ ಆರೋಗ್ಯದ ಮಾತೇಕೆ, ನಾವು ಏಟು ತಿಂದೇ ಕಲಿತೆವಲ್ಲ ಎನ್ನುವವರು ಒಂದು ಲೆಕ್ಕ ನೋಡಬೇಕು. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ 2010ರ ಸ್ಕೀಮಿನಲ್ಲಿ ಥಿಯರಿ ವಿಷಯದ 125 ಅಂಕಗಳಲ್ಲಿ ಕಾಲೇಜಿನ ಅಧ್ಯಾಪಕರೇ ಕೊಡುವ ಇಂಟರ್ನಲ್ಸ್‌ಗೆ ಇದ್ದದ್ದು 25. 2022ರ ಸ್ಕೀಮಿನಲ್ಲಿ 100ಕ್ಕೆ 50. ಅದರಲ್ಲಿ 20 ಬಾರದಿದ್ದರೆ ಸೆಮಿಸ್ಟರ್ ಪರೀಕ್ಷೆಗೆ ಕೂರುವಂತಿಲ್ಲ. ಹಾಜರಾತಿ ಶೇ 85 ಇರಬೇಕು. ಅಂದರೆ ಬೈಯುವವರು, ಹಾಜರಿ ಹಾಕುವವರು, ಅರ್ಧದಷ್ಟು ಅಂಕ ಕೊಡುವವರು ಎಲ್ಲರೂ ಒಬ್ಬರೇ. ಹಳೆಯ ಮೇಷ್ಟ್ರ ಏಟು ಸಂಜೆಗೆ ಆರುತ್ತಿತ್ತು; ಈಗಿನ ಸಿಟ್ಟು ಅಂಕಪಟ್ಟಿಯವರೆಗೂ ಬರಬಹುದೆಂಬ ಭಯ ಮಕ್ಕಳಿಗಿದೆ. ಬಂದೇ ಬರಬೇಕೆಂದಿಲ್ಲ, ಬರಬಹುದೆನ್ನುವುದೇ ನಿದ್ದೆ ಕೆಡಿಸಲು ಸಾಕು.

ಮನೋವಿಜ್ಞಾನಿ ಕರ್ಟ್ ಲೆವಿನ್ ಮತ್ತು ಸಂಗಡಿಗರು ಅಮೆರಿಕದ ಅಯೋವಾದಲ್ಲಿ ಹತ್ತು ವರ್ಷದ ಹುಡುಗರ ಗುಂಪುಗಳನ್ನು ಬೇರೆ ಬೇರೆ ಬಗೆಯ ಮುಂದಾಳುಗಳ ಕೈಗೆ ಕೊಟ್ಟು ನೋಡಿ, 1939ರಲ್ಲಿ ಪ್ರಕಟಿಸಿದರು. ದರ್ಪದ ಮುಂದಾಳು ಎದುರಿಗಿದ್ದಾಗ ಕೆಲಸ ಭರದಿಂದ ಸಾಗಿತು, ಆತ ಹೊರಗೆ ಹೋದೊಡನೆ ಬಹಳ ಕುಗ್ಗಿತು. ಕೆಲವು ಗುಂಪುಗಳು ಮಂಕಾದವು, ಕೆಲವು ತಮ್ಮೊಳಗಿನವರ ಮೇಲೇ ಎರಗಿದವು. ಇಂಥ ದರ್ಪವನ್ನೇ ನಮ್ಮಲ್ಲಿ ಶಿಸ್ತು ಎಂದು ಕರೆಯುತ್ತಿದ್ದೇವೆ.

2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ವಿದ್ಯಾರ್ಥಿಗಳ ಮಾನಸಿಕ ಆರೋಗ್ಯದ ಬಗ್ಗೆ ಮಾರ್ಗಸೂಚಿ ಕೊಟ್ಟಿತು: ನೂರು ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಶಿಕ್ಷಣ ಸಂಸ್ಥೆಗಳಲ್ಲಿ ಅರ್ಹ ಆಪ್ತಸಮಾಲೋಚಕರು ಇರಬೇಕು, ಸಿಬ್ಬಂದಿಗೆ ವರ್ಷಕ್ಕೆ ಎರಡು ಬಾರಿ ತರಬೇತಿ ಆಗಬೇಕು, ಎಲ್ಲರೆದುರು ಅವಮಾನಿಸುವುದು ಸಲ್ಲದು. ಸಮಾಲೋಚಕರ ಕೋಣೆಗೆ ಫಲಕ ಹಾಕುವುದು ಸುಲಭ. ಆದರೆ ಭಯ ಹುಟ್ಟುವುದು ತರಗತಿಯಲ್ಲಿ; ಅದನ್ನು ಇನ್ನೊಂದು ಕೋಣೆಯಲ್ಲಿ ವಾಸಿಮಾಡಿ ಮತ್ತೆ ಅದೇ ತರಗತಿಗೆ ಕಳಿಸುವುದು ಯಾವ ಚಿಕಿತ್ಸೆ?

ಅಧ್ಯಾಪಕರೆಲ್ಲ ಕ್ರೂರಿಗಳೆಂದು ನಾನು ಹೇಳಲಾರೆ. ಸರ್ಕಾರಿ ಪದವಿ ಕಾಲೇಜುಗಳನ್ನು ನಡೆಸುತ್ತಿರುವ ಸಾವಿರಾರು ಅತಿಥಿ ಉಪನ್ಯಾಸಕರಿಗೆ ಮುಂದಿನ ವರ್ಷ ಕೆಲಸವಿದೆಯೇ ಎಂಬುದೇ ಗೊತ್ತಿರುವುದಿಲ್ಲ. ತಾವೇ ಅಂಜಿ ಬದುಕುವವರಿಂದ ಎಷ್ಟು ಸಮಾಧಾನ ನಿರೀಕ್ಷಿಸೋಣ? ಅವರ ನೌಕರಿಯ ಭದ್ರತೆಯೂ ಈ ವಾದದ ಭಾಗವೇ. ಆದರೂ ಅಭದ್ರತೆಯಲ್ಲೇ ಮಕ್ಕಳ ಹೆಸರು ಹಿಡಿದು ಕರೆದು, ‘ಊಟ ಆತೇನವಾ?’ ಎಂದು ಕೇಳುವವರನ್ನು ಬೆಳಗಾವಿಯಲ್ಲೇ ಕಂಡಿದ್ದೇನೆ. ಅಂಥವರ ತರಗತಿಯಲ್ಲಿ ಮಕ್ಕಳು ‘ತಿಳಿಲಿಲ್ರಿ ಸರ್’ ಎನ್ನಲು ಹೆದರುವುದಿಲ್ಲ.

ಆಗಬೇಕಾದದ್ದು ನಿಯಮದಲ್ಲಿ ಆಗಲಿ. ಇಂಟರ್ನಲ್ಸ್ ಉತ್ತರಪತ್ರಿಕೆಯನ್ನು ವಿದ್ಯಾರ್ಥಿ ಕೇಳಿದರೆ ಬೇರೆ ಕಾಲೇಜಿನ ಅಧ್ಯಾಪಕರು ಮತ್ತೆ ತಿದ್ದಬೇಕು. ದೂರು ಕೊಟ್ಟವರ ಹೆಸರು ವಿಭಾಗಕ್ಕೆ ತಿಳಿಯಬಾರದು. ಬಸ್ಸಿನಿಂದ ತಡವಾದವರನ್ನು ಒಳಗೆ ಕೂರಿಸಿಯೇ ಹಾಜರಾತಿಯ ಮಾತಾಡಬೇಕು. ಈ ನಿಯಮಗಳನ್ನು ಬರೆಯುವ ವಿಶ್ವವಿದ್ಯಾಲಯ ಇರುವುದು ಮಚ್ಛೆಯಲ್ಲಿ, ಖಾನಾಪುರದ ಬಸ್ಸು ಬರುವ ದಾರಿಯಲ್ಲೇ. ಕುಲಪತಿಗಳು ಮುಂದಿನ ಸೆಮಿಸ್ಟರಿಗೆ ಮೊದಲೇ ಸುತ್ತೋಲೆ ಹೊರಡಿಸಲಿ.