ಮಗುವನ್ನೂ ಒಂದು ಮಾತು ಕೇಳಿ

ನನ್ನ ತಂಗಿಯ ಮಗಳ ಸಂದರ್ಶನ ಕಳೆದ ವರ್ಷ ಒಂದು ಪತ್ರಿಕೆಯ ಭಾನುವಾರದ ಪುರವಣಿಯಲ್ಲಿ ಬಂತು. ಅವಳದು ಎರಡು ಕಸುಬು. ವಾರವಿಡೀ ಮನೆಯಲ್ಲೇ ಕುಳಿತು ಅಂಗಡಿ, ಆಸ್ಪತ್ರೆ, ಕಾಲೇಜುಗಳಿಗೆ ವೆಬ್‌ಸೈಟು ಕಟ್ಟಿಕೊಡುತ್ತಾಳೆ. ಶನಿವಾರ, ಭಾನುವಾರ ಕ್ಯಾಮೆರಾ ಹೆಗಲಿಗೇರಿಸಿ ಹೊರಡುತ್ತಾಳೆ. ನಾಮಕರಣ, ಸೀಮಂತ, ಷಷ್ಟ್ಯಬ್ದಿ, ಇಲ್ಲವೇ ಸುಮ್ಮನೆ ಜಗಲಿಯ ಮೇಲೆ ಸೇರಿದ ಮನೆಮಂದಿ, ಇವೇ ಅವಳ ಫೋಟೋಗಳು. ಮದುವೆಯನ್ನು ಒಪ್ಪಿಕೊಳ್ಳುವುದಿಲ್ಲ. "ಮದುವೇಲಿ ಎಲ್ಲರೂ ಫೋಟೋಕ್ಕೆ ನಗ್ತಾರೆ ದೊಡ್ಡಮ್ಮ, ಮನೇಲಿ ಆದ್ರೆ ಮೈಮರೆತು ನಗ್ತಾರೆ" ಎನ್ನುತ್ತಾಳೆ.

ಸಂದರ್ಶನದಲ್ಲಿ ಅಚ್ಚಾದ ಪ್ರಶ್ನೆಗಳು ಎಂಟು. ಅವುಗಳಲ್ಲಿ ಐದರೊಳಗೆ ಅಡುಗೆಮನೆ ಇಣುಕುತ್ತಿತ್ತು. ಮನೆ, ಕೆಲಸ ಎರಡನ್ನೂ ಹೇಗೆ ನಿಭಾಯಿಸುತ್ತೀರಿ? ಪತಿಯ ಸಹಕಾರ ಹೇಗಿದೆ? ಮಗುವಿಗೆ ಸಮಯ ಸಿಗುತ್ತದೆಯೇ? ಭಾನುವಾರ ತಿಂಡಿ ಯಾರು ಮಾಡುತ್ತಾರೆ? ಅತ್ತೆಯವರು ಏನೆನ್ನುತ್ತಾರೆ? ಅವಳು ಕಟ್ಟಿದ ಒಂದು ವೆಬ್‌ಸೈಟಿನ ಹೆಸರೂ ಅದರಲ್ಲಿಲ್ಲ. ಮೊದಲು ಇಬ್ಬರೂ ನಕ್ಕೆವು. ಆಮೇಲೆ ನನಗೆ ಸಿಟ್ಟು ಬಂತು. ಮೂವತ್ತು ವರ್ಷ ಪಾಠ ಮಾಡಿದ ನನ್ನನ್ನೂ ಜನ ಕೇಳಿದ್ದು ಇದನ್ನೇ. ನಮ್ಮ ಶಾಲೆಯ ಗಂಡು ಮೇಷ್ಟ್ರುಗಳನ್ನು ಒಬ್ಬರಾದರೂ ಹೀಗೆ ಕೇಳಿದ್ದನ್ನು ನಾನು ಕಂಡಿಲ್ಲ.

ಕಂಪ್ಯೂಟರು ಮತ್ತು ಮನೆಯ ಫೋಟೋ ಒಂದಾದದ್ದು ಇಂದು ನಿನ್ನೆಯಲ್ಲ. 1957ರಲ್ಲಿ ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆಯಲ್ಲಿದ್ದ ರಸೆಲ್ ಕಿರ್ಷ್ ಎಂಬ ವಿಜ್ಞಾನಿ ಒಂದು ಚಿತ್ರವನ್ನು ಕಂಪ್ಯೂಟರಿಗೆ ಊಡಿಸಿದರು. ಅಡ್ಡಕ್ಕೆ 176, ಉದ್ದಕ್ಕೆ 176 ಚುಕ್ಕಿಗಳು, ಅಷ್ಟೇ. ಜಗತ್ತಿನ ಮೊದಲ ಡಿಜಿಟಲ್ ಚಿತ್ರ ಎಂದು ಅದನ್ನು ಕರೆಯುತ್ತಾರೆ. ಅದರಲ್ಲಿದ್ದದ್ದು ಯಾವ ಅಧ್ಯಕ್ಷರೂ ಅಲ್ಲ, ಚಂದ್ರನೂ ಅಲ್ಲ, ಅವರ ಮೂರು ತಿಂಗಳ ಕೂಸು. 1997ರ ಜೂನ್ 11ರಂದು ಕ್ಯಾಲಿಫೋರ್ನಿಯಾದ ಸಾಂತಾಕ್ರೂಜ್‌ನಲ್ಲಿ ಫಿಲಿಪ್ ಕಾನ್ ಎಂಬ ಸಾಫ್ಟ್‌ವೇರ್ ಉದ್ಯಮಿ, ಹೆಂಡತಿ ಹೆರಿಗೆ ನೋವಿನಲ್ಲಿದ್ದಾಗ ಆಸ್ಪತ್ರೆಯಲ್ಲೇ ಡಿಜಿಟಲ್ ಕ್ಯಾಮೆರಾ, ಮೊಬೈಲು, ಲ್ಯಾಪ್‌ಟಾಪುಗಳನ್ನು ಒಂದಕ್ಕೊಂದು ಜೋಡಿಸಿದರು. ಆಗ ತಾನೇ ಹುಟ್ಟಿದ ಮಗಳ ಫೋಟೋ ಎರಡು ಸಾವಿರಕ್ಕೂ ಹೆಚ್ಚು ಜನರಿಗೆ ಹೋಯಿತು. ಮೊಬೈಲ್ ಮೂಲಕ ಫೋಟೋ ಹಂಚಿಕೊಂಡ ಮೊದಲ ಸಂದರ್ಭ ಅದೆಂದು ಹೇಳುತ್ತಾರೆ. ಈ ಇಬ್ಬರೂ ಎಷ್ಟೋ ಸಂದರ್ಶನ ಕೊಟ್ಟಿದ್ದಾರೆ. ಲೋಕ ಅವರನ್ನು ಹರಿಕಾರರೆಂದು ಹೊಗಳಿತು. ಬಾಣಂತಿಗೆ ಬಿಸಿನೀರು ಕಾಯಿಸಿದವರು ಯಾರು ಎಂಬುದು ಅಲ್ಲಿ ಸುದ್ದಿಯೇ ಅಲ್ಲ.

ಇದೇ ಕೆಲಸವನ್ನು ಹೆಂಗಸು ಮಾಡಿದರೆ? ಹೆದರ್ ಆರ್ಮ್‌ಸ್ಟ್ರಾಂಗ್ ಲಾಸ್ ಏಂಜಲೀಸಿನಲ್ಲಿ ವೆಬ್‌ಸೈಟು ವಿನ್ಯಾಸ ಮಾಡುತ್ತಿದ್ದವರು. ತಮ್ಮ ಜಾಲತಾಣದಲ್ಲಿ ಕಚೇರಿಯ ಬಗ್ಗೆ ಬರೆದದ್ದಕ್ಕೆ 2002ರಲ್ಲಿ ಕೆಲಸ ಹೋಯಿತು. 2004ರಲ್ಲಿ ಮಗಳು ಹುಟ್ಟಿದ ಮೇಲೆ ತಮ್ಮನ್ನು ಕಾಡಿದ ಖಿನ್ನತೆಯನ್ನು, ಮಗುವಿನ ಫೋಟೋಗಳನ್ನು, ಸಂಸಾರದ ತಾಪತ್ರಯಗಳನ್ನು ಮುಚ್ಚುಮರೆಯಿಲ್ಲದೆ ಲೋಕದ ಮುಂದಿಟ್ಟರು. ಜಾಹೀರಾತಿನ ಹಣದಿಂದ ಸಂಸಾರ ನಡೆಯಿತು. 2011ರ ಹೊತ್ತಿಗೆ ದೊಡ್ಡ ಪತ್ರಿಕೆಯೊಂದು ಅವರನ್ನು ಬರೆಯುವ ತಾಯಂದಿರ ರಾಣಿ ಎಂದಿತು. ಅದೇ ಕಾಲಕ್ಕೆ ದಿನವೂ ಬೈಗುಳದ ರಾಶಿಯೂ ಬಂದು ಬೀಳುತ್ತಿತ್ತು: ಮಕ್ಕಳನ್ನು ಮಾರುವವಳು, ಕೆಟ್ಟ ತಾಯಿ ಎಂದು. ಖಿನ್ನತೆಯೊಂದಿಗೆ ಬಹುಕಾಲ ಹೋರಾಡಿ 2023ರಲ್ಲಿ, 47ನೇ ವಯಸ್ಸಿನಲ್ಲಿ ತೀರಿಕೊಂಡರು. ಅವರ ಬರಹದಿಂದ, ಬಾಣಂತಿತನದ ಕತ್ತಲೆ ತನ್ನೊಬ್ಬಳದಲ್ಲ ಎಂದು ಧೈರ್ಯ ತಂದುಕೊಂಡ ತಾಯಂದಿರು ಎಷ್ಟೋ ಮಂದಿ. ಅಪ್ಪ ಮಗುವಿನ ಚಿತ್ರ ಕಳಿಸಿದರೆ ಇತಿಹಾಸ, ಅಮ್ಮ ಕಳಿಸಿದರೆ ಪಂಚಾಯಿತಿ. ಇದು ಯಾವ ನ್ಯಾಯ?

ಇಷ್ಟು ಹೇಳಿ ನಾನು ನಿಲ್ಲಿಸಿದ್ದರೆ ತಂಗಿಯ ಮಗಳಿಗೆ ಸಂತೋಷವಾಗುತ್ತಿತ್ತು. ಆದರೆ ನನ್ನ ಜಗಳ ಅವಳ ಜೊತೆಗೂ ಇದೆ.

ಆ ಸಂದರ್ಶನದ ನಡುವೆ ದೊಡ್ಡದಾಗಿ ಅಚ್ಚಾದ ಫೋಟೋ ಅವಳ ಏಳು ವರ್ಷದ ಮಗನದು. ಎಣ್ಣೆಸ್ನಾನದ ದಿನ, ಮೈತುಂಬ ಎಣ್ಣೆ, ಒಂದು ಚಡ್ಡಿ, ಕಣ್ಣಿಗೆ ಸೀಗೆಪುಡಿ ಬಿದ್ದು ಬಾಯಿ ತೆರೆದು ಅಳುತ್ತಿದ್ದಾನೆ. ಚಿತ್ರವೇನೋ ಚೆನ್ನಾಗಿತ್ತು. ಸೋಮವಾರ ತರಗತಿಯಲ್ಲಿ ಅವನಿಗೆ ಒಂದು ಅಡ್ಡಹೆಸರು ಬಿತ್ತು. ಆ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ, ಒಮ್ಮೆ ಅಚ್ಚಾದದ್ದೇ ಸಾಕು. ಮಂಗಳವಾರ ಹೊಟ್ಟೆನೋವು ಎಂದು ಶಾಲೆಗೆ ಹೋಗಲಿಲ್ಲ.

"ಬೇರೆಯವರ ಮಕ್ಕಳ ಫೋಟೋ ನಿನ್ನ ವೆಬ್‌ಸೈಟಿಗೆ ಹಾಕೋ ಮೊದಲು ಏನು ಮಾಡ್ತೀಯೆ?" ಎಂದು ಕೇಳಿದೆ.

"ಅವರ ಅಪ್ಪ ಅಮ್ಮನ ಹತ್ರ ಸಹಿ ತಗೋತೀನಿ ದೊಡ್ಡಮ್ಮ."

"ಇವನ ಫೋಟೋಕ್ಕೆ ಯಾರ ಹತ್ರ ತಗೊಂಡೆ?"

ಅವಳು ಸುಮ್ಮನಾದಳು. ಆಮೇಲೆ, "ಅವನು ನನ್ನ ಮಗ ಅಲ್ವಾ?" ಎಂದಳು.

ನಮ್ಮ ಮನೆಮನೆಗಳಲ್ಲಿ ಎಲ್ಲರೂ ಹೇಳುವ ಮಾತೇ ಇದು. ಮಗ ನಮ್ಮವನು ನಿಜ, ಅವನ ಮುಖ ಅವನದು. "ಹಿಂದೆ ಸ್ಟುಡಿಯೋದಲ್ಲಿ ಮಗುವಿನ ಫೋಟೋ ತೆಗೆಸಿ ಗೋಡೆಗೆ ಹಾಕುತ್ತಿರಲಿಲ್ಲವೇ?" ಎಂದು ಕೆಲವರು ವಾದಿಸುತ್ತಾರೆ. ಹಾಕುತ್ತಿದ್ದೆವು. ಆ ಗೋಡೆಯ ಫೋಟೋ ನೋಡಬೇಕಾದವರು ಕಾಲು ತೊಳೆದು ಒಳಗೆ ಬರಬೇಕಿತ್ತು. ಮಗು ದೊಡ್ಡವನಾಗಿ ನಾಚಿಕೊಂಡರೆ ಮೊಳೆಯಿಂದ ಇಳಿಸಿ ಪೆಟ್ಟಿಗೆಯಲ್ಲಿಡಬಹುದಿತ್ತು. ಈಗ ಯಾವ ಮೊಳೆಯಿಂದ ಇಳಿಸುತ್ತೀರಿ? ಸಾವಿರ ಫೋನುಗಳಿಗೆ ಹೋದ ಚಿತ್ರವನ್ನು ವಾಪಸು ಕರೆಯುವ ವಿದ್ಯೆ, ಜಾಲತಾಣ ಕಟ್ಟುವ ನನ್ನ ತಂಗಿಯ ಮಗಳಿಗೂ ಗೊತ್ತಿಲ್ಲ.

ಹೊರದೇಶದವರು ಇದನ್ನು ಕಾನೂನಿಗೆ ತಂದಿದ್ದಾರೆ. ಫ್ರಾನ್ಸ್ 2020ರಲ್ಲಿ, ವಿಡಿಯೋಗಳಲ್ಲಿ ದುಡಿಯುವ 16 ವರ್ಷದೊಳಗಿನ ಮಕ್ಕಳ ಸಂಪಾದನೆಯನ್ನು ಕಾಯಲು ಕಾಯ್ದೆ ಮಾಡಿತು. ತನ್ನ ಚಿತ್ರವನ್ನು ಅಳಿಸಿ ಎಂದು ಮಗುವೇ ಕೇಳಬಹುದು, ಅಪ್ಪ ಅಮ್ಮನ ಒಪ್ಪಿಗೆ ಬೇಕಿಲ್ಲ. ಅಮೆರಿಕದ ಇಲಿನಾಯ್ ರಾಜ್ಯದಲ್ಲಿ 2024ರ ಜುಲೈ 1ರಿಂದ, ಮಕ್ಕಳನ್ನು ತೋರಿಸಿ ಗಳಿಸುವ ಮನೆಯವರು ಅವರ ಪಾಲನ್ನು ತೆಗೆದಿಡಬೇಕು. ನಮ್ಮಲ್ಲೂ 2017ರ ನಿಯಮಗಳಂತೆ ಬಾಲ ಕಲಾವಿದರ ಗಳಿಕೆಯಲ್ಲಿ ಶೇಕಡ 20ರಷ್ಟನ್ನಾದರೂ ಅವರ ಹೆಸರಿನಲ್ಲಿ ಠೇವಣಿ ಇಡಬೇಕು. 2023ರ ದತ್ತಾಂಶ ರಕ್ಷಣೆಯ ಕಾಯ್ದೆ, 18 ತುಂಬದವರ ವಿವರ ಬಳಸಲು ತಂದೆತಾಯಿಯ ಒಪ್ಪಿಗೆ ಬೇಕೆನ್ನುತ್ತದೆ. ಮನೆಯವರು ಸ್ವಂತಕ್ಕೆ ಬಳಸಿದರೆ ಆ ಕಾಯ್ದೆ ಅನ್ವಯಿಸುವುದಿಲ್ಲ. ಅಂದರೆ ಕಾಯುವ ಬೇಲಿ ತಂದೆತಾಯಿಯೇ. ಬೇಲಿಯೇ ಎದ್ದು ಹೊಲ ಮೇದರೆ ಮಗು ಯಾರಿಗೆ ಹೇಳಬೇಕು?

ಇಷ್ಟು ಗಟ್ಟಿಯಾಗಿ ಮಾತಾಡುವ ನಾನು ಸಾಚಾ ಏನಲ್ಲ. ಶಾಲೆಯಲ್ಲಿ ಬಿಸಿಯೂಟದ ಜೊತೆ ಮೊಟ್ಟೆ ಕೊಡಲು ಆರಂಭಿಸಿದಾಗ, ತಿನ್ನದವರಿಗೆ ಬಾಳೆಹಣ್ಣು ಇಲ್ಲವೇ ಚಿಕ್ಕಿ ಎಂದಿತ್ತು. ಕೊಟ್ಟದ್ದಕ್ಕೆ ಸಾಕ್ಷಿಯಾಗಿ ಫೋಟೋ ಬೇಕಿತ್ತು. ಆರನೇ ತರಗತಿಯ ಹುಡುಗಿಯೊಬ್ಬಳು ತಟ್ಟೆ ಹಿಂದಕ್ಕೆಳೆದುಕೊಂಡು, "ಟೀಚರ್, ನನ್ನ ಬಿಟ್ಟು ತೆಗೀರಿ" ಅಂದಳು. "ಸುಮ್ನೆ ನೋಡು ಈ ಕಡೆ" ಎಂದು ಗದರಿಸಿದೆ. ಆ ಫೋಟೋವನ್ನು ಪಾಲಕರ ವಾಟ್ಸಾಪ್ ಗುಂಪಿಗೂ ಹಾಕಿದೆ. ಮಾರನೆಯ ದಿನ ಅವಳು ಬಾಳೆಹಣ್ಣಿನ ಸಾಲಿನಲ್ಲಿ ನಿಂತಿದ್ದಳು. ಆಮೇಲೆ ಏಳನೇ ತರಗತಿ ಮುಗಿಸಿ ಹೋಗುವವರೆಗೂ ಅದೇ ಸಾಲು. ಮನೆಯಲ್ಲಿ ಏನು ನಡೆಯಿತೆಂದು ಅವಳು ಹೇಳಲಿಲ್ಲ, ಕೇಳುವ ಮುಖ ನನಗಿರಲಿಲ್ಲ. ಬಡಕಲು ಹುಡುಗಿ. ಅವಳ ಪಾಲಿನ ಮೊಟ್ಟೆಯನ್ನು ಕಸಿದವಳು ನಾನು, ಒಂದು ಫೋಟೋದಿಂದ.

ಆದ್ದರಿಂದ ನನ್ನ ಬೇಡಿಕೆ ಎರಡೇ. ಸಂದರ್ಶನ ಮಾಡುವವರೇ, ಭಾನುವಾರದ ತಿಂಡಿಯ ಪ್ರಶ್ನೆಯನ್ನು ಗಂಡಸರಿಗೂ ಕೇಳಿ, ಇಲ್ಲವೇ ಯಾರಿಗೂ ಕೇಳಬೇಡಿ. ಕ್ಯಾಮೆರಾ ಹಿಡಿದವರೇ, ನೀವು ಅಮ್ಮನಾಗಿರಿ, ಅಪ್ಪನಾಗಿರಿ, ನನ್ನಂಥ ಟೀಚರಾಗಿರಿ, ಮಾತು ಬಂದ ಮಗುವನ್ನು ಒಂದು ಮಾತು ಕೇಳಿ. ಮಾತು ಬಾರದ ಕೂಸಿನ ಚಿತ್ರ ಮನೆಯ ಗೋಡೆಯ ಮೇಲಿರಲಿ, ಅದಕ್ಕೆ ಮಾತು ಬರುವವರೆಗೆ.

ತಂಗಿಯ ಮಗಳು ಈಗ ಮಗನನ್ನು ಕೇಳುತ್ತಾಳೆ. ಹತ್ತರಲ್ಲಿ ಎಂಟು ಸಲ ಅವನು ಬೇಡ ಎನ್ನುತ್ತಾನಂತೆ. ನಾನೂ ತರಗತಿಯಲ್ಲಿ ಕೇಳುತ್ತೇನೆ. ಒಲ್ಲದವರು ಬೆನ್ನು ತಿರುಗಿಸಿ ಕೂರುತ್ತಾರೆ. ಹೋದ ತಿಂಗಳ ಫೋಟೋದಲ್ಲಿ ಮುಕ್ಕಾಲು ಪಾಲು ಜಡೆಗಳೇ ಇದ್ದವು. "ಏನ್ರೀ ಮೇಡಂ, ಮುಖಾನೇ ಕಾಣಲ್ಲ?" ಎಂದು ಮೇಲಿನಿಂದ ಫೋನು ಬಂತು.

"ತಟ್ಟೇಲಿ ಮೊಟ್ಟೆ ಕಾಣತ್ತಲ್ಲ ಸಾರ್" ಎಂದೆ.