ಹೆಡ್ ಮತ್ತೆ ಬಿಚ್ಚುವ ಮೊದಲು ಗೇಜ್ ಹಾಕಿಸಿ

ನಮ್ಮ ಹರಿಯಬ್ಬೆ, ಧರ್ಮಪುರದ ಕಡೆ ಹಳೇ ಓಮ್ನಿಗಳು ಇನ್ನೂ ಓಡುತ್ತಿವೆ. ಕಂಪನಿ 2019ರಲ್ಲೇ ತಯಾರಿಕೆ ನಿಲ್ಲಿಸಿತು. ಹೊಸದು ಸಿಗುವುದಿಲ್ಲ, ಇರುವುದನ್ನೇ ಬೋರ್ ಮಾಡಿಸಿ ಓಡಿಸಬೇಕು.

ಹೊಸ ಪಿಸ್ಟನ್, ರಿಂಗ್ ಹಾಕಿಸಿದ ಮೇಲೂ ಗಾಡಿ ಎಳೆಯದಿದ್ದರೆ? ಮೆಕ್ಯಾನಿಕ್ ‘ಲೇತ್‌ನಲ್ಲಿ ಬೋರ್ ಸರಿ ಮಾಡಿಲ್ಲ’ ಎನ್ನುತ್ತಾರೆ. ಲೇತ್‌ನವರು ‘ಜೋಡಿಸಿದ್ದು ಸರಿಯಿಲ್ಲ’ ಎನ್ನುತ್ತಾರೆ. ನಡುವೆ ಸೊರಗುವುದು ಗಾಡಿಯವರು. ಈ ಜಗಳಕ್ಕೆ ಅಳತೆಯೇ ಮದ್ದು. ಕಂಪ್ರೆಷನ್ ಎಷ್ಟಿದೆ ಎಂದು ಬರೆದಿಡುವ ತನಕ ಹೆಡ್ ಬಿಚ್ಚಲು ಒಪ್ಪಬೇಡಿ ಎನ್ನುವುದು ನಮ್ಮ ಮಾತು. ಬಿಚ್ಚಿದರೆ ಹೊಸ ಗ್ಯಾಸ್ಕೆಟ್, ಮತ್ತೆ ಕೂಲಿ. ಮೇಲಾಗಿ, ಬಿಚ್ಚಿದ ಮೇಲೆ ಗಾಳಿ ಎಲ್ಲಿ ಸೋರುತ್ತಿತ್ತು ಎಂದು ಅಳೆಯಲು ಆಗುವುದಿಲ್ಲ.

ಅಳೆಯುವುದು ಕಷ್ಟವಲ್ಲ. ಎಂಜಿನ್ ಬಿಸಿಯಾಗಿರಬೇಕು, ಬ್ಯಾಟರಿ ಚಾರ್ಜ್ ಇರಬೇಕು. ಕಾಯಿಲ್ ವೈರ್ ತೆಗೆದು, ಇಂಜೆಕ್ಷನ್ ಗಾಡಿಯಾದರೆ ಪೆಟ್ರೋಲ್ ಬರುವುದನ್ನೂ ನಿಲ್ಲಿಸಿ, ಎಲ್ಲ ಪ್ಲಗ್ ಬಿಚ್ಚಬೇಕು. ಒಂದು ತೂತಿಗೆ ಗೇಜ್ ಹಾಕಿ, ಆಕ್ಸಿಲೇಟರ್ ಪೂರ್ತಿ ಒತ್ತಿ, ನಾಲ್ಕೈದು ಸುತ್ತು ಸೆಲ್ಫ್ ಹೊಡೆಯಬೇಕು. ಓಮ್ನಿಗೆ ಸಿಲಿಂಡರ್ 3, ಅಂದರೆ ಅಂಕಿಯೂ 3. ಟೈರ್ ಗಾಳಿಯ ಲೆಕ್ಕದಲ್ಲೇ ಹೇಳುವುದಾದರೆ, ಚೆನ್ನಾಗಿರುವ ಪೆಟ್ರೋಲ್ ಎಂಜಿನ್‌ನಲ್ಲಿ ಸಾಮಾನ್ಯವಾಗಿ 140ರಿಂದ 180 ಪಿಎಸ್‌ಐ ಬರುತ್ತದೆ. ಒಂದಕ್ಕೊಂದು ತೀರಾ ಹತ್ತಿರ ಇರಬೇಕು.

ಎರಡು ಸಿಲಿಂಡರ್ 150 ತೋರಿಸಿ ಒಂದು 90ಕ್ಕೆ ನಿಂತಿತು ಅನ್ನಿ. ಅದಕ್ಕೆ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ಅಳೆಯಿರಿ. ಅಂಕಿ ಚೆನ್ನಾಗಿ ಏರಿದರೆ ರಿಂಗ್ ಅಥವಾ ಬೋರ್ ಕಡೆ ಸೋರಿಕೆ. ಏರದಿದ್ದರೆ ವಾಲ್ವ್ ಅಥವಾ ಹೆಡ್ ಗ್ಯಾಸ್ಕೆಟ್ ಮೇಲೆ ಅನುಮಾನ. ಅಕ್ಕಪಕ್ಕದ ಎರಡೂ ಕಡಿಮೆಯಿದ್ದರೆ ನಡುವೆ ಗ್ಯಾಸ್ಕೆಟ್ ಸೋರುತ್ತಿರಬಹುದು. ಮೂರೂ ಸಮನಾಗಿ ಕಡಿಮೆಯಿದ್ದರೆ ಟೈಮಿಂಗ್ ಬೆಲ್ಟ್ ಒಂದು ಹಲ್ಲು ತಪ್ಪಿದೆಯೇ ನೋಡಿಸಿ. ಟ್ಯಾಪೆಟ್ ಬಿಗಿಯಾಗಿದ್ದರೂ ವಾಲ್ವ್ ಪೂರ್ತಿ ಮುಚ್ಚುವುದಿಲ್ಲ. ಅದನ್ನು ಸರಿಮಾಡಲು ಹೆಡ್ ಇಳಿಸಬೇಕಿಲ್ಲ. ಹೊಸ ರಿಂಗ್ ಕೂರಲು ಕೆಲವು ನೂರು ಕಿಲೋಮೀಟರ್ ಬೇಕು. ಅಂಕಿ ತುಸು ಕಡಿಮೆಯಿದ್ದರೆ ಅಷ್ಟು ದೂರ ಓಡಿಸಿ ಮತ್ತೆ ಅಳೆಸಿ.

ಡೀಸೆಲ್ ಟ್ರ್ಯಾಕ್ಟರ್‌ಗೆ ಇದೇ ಗೇಜ್ ಆಗದು, ಅಲ್ಲಿ ಒತ್ತಡ ಬಹಳ ಹೆಚ್ಚು. ಆಯಿಲ್ ಬಿಡುವ ಪ್ರಯೋಗವೂ ಅದಕ್ಕೆ ಬೇಡ.

‘ಕಿವಿಗೇ ಗೊತ್ತಾಗುತ್ತೆ, ಗೇಜ್ ಯಾಕೆ’ ಎನ್ನುವ ಅನುಭವಿ ಮೆಕ್ಯಾನಿಕ್‌ಗಳಿದ್ದಾರೆ. ಅವರ ಕೈಗುಣ ನಾವು ಅಲ್ಲಗಳೆಯುವುದಿಲ್ಲ. ಆದರೆ ಕಿವಿಗೆ ಕೇಳಿದ್ದನ್ನು ಬಿಲ್‌ನಲ್ಲಿ ಬರೆಯಲಾಗದು. ಅಂಕಿ ಬರೆದಿದ್ದರೆ ಕೆಲಸ ನೆಟ್ಟಗೆ ಮಾಡಿದ ಮೆಕ್ಯಾನಿಕ್‌ನ ಹೆಸರೂ ಉಳಿಯುತ್ತದೆ. ಮಾತು ಮುರಿದು ಚಿತ್ರದುರ್ಗದ ಗ್ರಾಹಕರ ಆಯೋಗದ ತನಕ ಹೋದರೂ ಕೈಯಲ್ಲಿ ಒಂದು ಕಾಗದ ಇರುತ್ತದೆ. ಹಾಗಾಗಿ ಎಂಜಿನ್ ಕೆಲಸಕ್ಕೆ ಕೊಡುವ ದಿನವೇ ಹೇಳಿಬಿಡಿ: ಗಾಡಿ ವಾಪಸ್ ಕೊಡುವಾಗ ಮೂರು ಸಿಲಿಂಡರ್‌ನ ಅಂಕಿ ಬಿಲ್ ಮೇಲೆ ಇರಬೇಕು.