ಸೀಸನ್ ಮುಗೀತು ಅಂತ ಸ್ಕೇಟ್ಸ್ ಅಟ್ಟಕ್ಕೆ ಹಾಕ್ಬೇಡಿ

ನಮ್ ಹಲಸೂರು ಕಡೆ ಮಕ್ಕಳ ಸ್ಕೇಟಿಂಗ್ ಕ್ಲಬ್ಬಿನ ಈ ವರ್ಷದ ರೇಸುಗಳು ಸಂಕ್ರಾಂತಿ ಕಳೆದ ಭಾನುವಾರ ಮುಗಿದ್ವು. ಮೆಡಲ್ ಹಾಕಿದ್ರು, ಫೋಟೋ ತೆಗೆದ್ರು, ಒಬ್ಬೊಬ್ರಿಗೂ ಒಂದು ಪಫ್ಸು, ಒಂದು ಜ್ಯೂಸು ಕೊಟ್ಟು ಕಳಿಸಿದ್ರು. ಇನ್ನು ಪರೀಕ್ಷೆ ಮುಗಿಯೋವರೆಗೂ ರೇಸಿಲ್ಲ.

ಪ್ರತಿ ವರ್ಷ ಇದೇ ಹೊತ್ತಲ್ಲಿ ನಮ್ಮನೆಗಳಲ್ಲಿ ಇನ್ನೊಂದು ಸದ್ದಿಲ್ದೆ ನಡೆಯತ್ತೆ. ಆರನೇ ಕ್ಲಾಸು, ಏಳನೇ ಕ್ಲಾಸಿನ ಹೆಣ್ಣುಮಕ್ಕಳ ಸ್ಕೇಟ್ಸು ಅಟ್ಟ ಸೇರತ್ತೆ. "ಪರೀಕ್ಷೆ ಮುಗೀಲಿ, ಆಮೇಲೆ ನೋಡೋಣ" ಅಂತೀವಿ. ಆ ಆಮೇಲೆ ಬರೋದೇ ಇಲ್ಲ. ಅದೇ ಮನೆ ಹುಡುಗನ ಸ್ಕೇಟ್ಸು ಬಾಗಿಲ ಹಿಂದೇನೇ ಇರತ್ತೆ. ಅವನಿಗೂ ಅದೇ ಪರೀಕ್ಷೆ ತಾನೆ? ಇದು ಸರಿಯಲ್ಲ ಅಂತ ಹೇಳೋಕೇ ಇವತ್ತು ಬರೀತಿದೀನಿ.

ಊರಿಂದ ಬಂದಿದ್ದ ದೊಡ್ಡಮ್ಮ ಕೇಳಿದ್ರು, "ಈ ಚಳೀಲಿ ಯಾಕೇ ಮಕ್ಕಳನ್ನ ಓಡಿಸ್ತೀರ?" ದೊಡ್ಡಮ್ಮ, ನಮ್ಮೂರಲ್ಲಿ ಇದೇ ಚಳಿಗಾಲದ ಆಟ. ನೆಲ ಒದ್ದೆ ಇದ್ರೆ ಗಾಲಿ ಜಾರತ್ತೆ. ದೀಪಾವಳಿ ಮುಗಿದು ಮಳೆ ನಿಂತ ಮೇಲೇನೇ ನಮ್ಮ ಪುಟ್ಟ ಕ್ಲಬ್ಬಿಗೆ ಒಣಗಿದ ನೆಲ ಸಿಗೋದು. ಹಿಮ ನೋಡ್ಬೇಕು ಅಂದ್ರೆ ಜಯಮಹಲ್ ರಸ್ತೇಲಿರೋ ಸ್ನೋ ಸಿಟಿಗೆ ಟಿಕೆಟ್ ತಗೊಂಡು ಹೋಗ್ಬೇಕು!

ಆದ್ರೆ ಗಾಲಿಗೂ ಹಿಮಕ್ಕೂ ನಾವು ಅಂದ್ಕೊಂಡಷ್ಟು ದೂರ ಇಲ್ಲ. ಮಂಡಿ ಬಗ್ಗಿಸಿ ಕೂತು, ಕಾಲನ್ನ ಪಕ್ಕಕ್ಕೆ ತಳ್ಳಿ, ಎಡಕ್ಕೇ ಸುತ್ತೋದು. ಮಂಜುಗಡ್ಡೆ ಮೇಲಿನ ಸ್ಪೀಡ್ ಸ್ಕೇಟಿಂಗಲ್ಲೂ ಇದೇ ಪಾಠ. ಖೇಲೋ ಇಂಡಿಯಾ ವಿಂಟರ್ ಗೇಮ್ಸ್‌ಗೆ ಲೇಹ್‌ಗೆ ಹೋಗೋ ನಮ್ಮ ಕಡೆ ಮಕ್ಕಳು ಗಾಲಿ ಮೇಲೆ ಕಲಿತೇ ಹೋಗೋದು. ಕೊಡಗಿನ ತೆಕ್ಕಡ ಭವಾನಿಯವರನ್ನೇ ನೋಡಿ. ಕೊಡಗಲ್ಲಿ ಮಳೆ ಉಂಟು, ಹಿಮ ಎಲ್ಲಿಂದ ಬರ್ಬೇಕು? ದೊಡ್ಡೋರಾದ್ಮೇಲೆ ಸ್ಕೀ ಕಲಿತು, ಗುಲ್ಮಾರ್ಗಲ್ಲಿ ಕರ್ನಾಟಕಕ್ಕೆ ಚಿನ್ನ ತಂದ್ರು. 2025ರಲ್ಲಿ ಚಿಲಿ ದೇಶದಲ್ಲಿ ನಡೆದ 5 ಕಿಲೋಮೀಟರ್ ಕ್ರಾಸ್ ಕಂಟ್ರಿ ಸ್ಕೀ ರೇಸಲ್ಲಿ ಕಂಚು ಗೆದ್ರು. ಗಾಲಿ ಸ್ಕೇಟಿಂಗಲ್ಲೂ ಅಷ್ಟೇ. 2023ರ ಹಾಂಗ್‌ಝೌ ಏಷ್ಯನ್ ಗೇಮ್ಸಲ್ಲಿ 3000 ಮೀಟರ್ ರಿಲೇಗೆ ಕಂಚು ತಂದಿದ್ದು ನಾಲ್ಕು ಜನ ಹುಡುಗೀರು: ಸಂಜನಾ ಬತುಲ, ಕಾರ್ತಿಕಾ ಜಗದೀಶ್ವರನ್, ಹೀರಲ್ ಸಾಧು, ಆರತಿ ಕಸ್ತೂರಿ ರಾಜ್. ಇವರ ಮನೇಲೂ ಯಾವುದೋ ಒಂದು ಫೆಬ್ರವರೀಲಿ ಅಟ್ಟಕ್ಕೆ ಏಣಿ ಹಾಕಿದ್ದಿದ್ರೆ?

ನಮ್ಮನೆ ಮಕ್ಕಳೆಲ್ಲ ಮೆಡಲ್ ತರ್ತಾರೆ ಅಂತ ನಾನು ಹೇಳ್ತಿಲ್ಲ. ತರದಿದ್ರೂ ಪರವಾಗಿಲ್ಲ. ಬಿದ್ದು ಎದ್ದು ಓಡೋ ಅಭ್ಯಾಸ ಇರೋ ಕಾಲುಗಳು ಹದಿಮೂರಕ್ಕೇ ಯಾಕೆ ಸುಮ್ನೆ ಕೂರ್ಬೇಕು ಅನ್ನೋದೇ ನನ್ನ ಪ್ರಶ್ನೆ.

ಕಾರಣಗಳು ನಂಗೂ ಗೊತ್ತು, ನಾವೇ ಕೂತು ಮಾತಾಡೋದು ತಾನೆ. "ದೊಡ್ಡೋಳಾದ್ಲು." ಸರಿ, ಹೊಟ್ಟೆನೋವು ಇರೋ ದಿನ ಮನೇಲಿರ್ಲಿ, ಮಿಕ್ಕ ದಿನ ಹೋಗ್ಲಿ. "ಆ ಬಿಗಿ ಡ್ರೆಸ್ಸು ನೋಡೋಕಾಗಲ್ಲ." ಪ್ರಾಕ್ಟೀಸಿಗೆ ಟ್ರ್ಯಾಕ್ ಪ್ಯಾಂಟು, ಟೀ ಶರ್ಟು ಸಾಕು. "ಬೆಳಗ್ಗೆ ಕತ್ತಲು, ಯಾರು ಕರ್ಕೊಂಡು ಹೋಗ್ತಾರೆ?" ಇದು ನಿಜವಾದ ಕಷ್ಟ. ಬೀದೀಲಿ ಮೂರು ಹುಡುಗೀರಿದ್ರೆ ಅಮ್ಮಂದಿರು ಸರದಿ ಹಾಕೊಳ್ಳೋಣ. ಒಬ್ಬೊಬ್ಬರಿಗೆ ವಾರಕ್ಕೊಂದು ದಿನ ಬರತ್ತೆ. ಮಂಡಿ ತರಚೋದಕ್ಕೆ ಮಾತ್ರ ಭಯ ಬೇಡ. ಮದುವೆ ಹೊತ್ತಿಗೆ ಕಲೆ ಉಳಿಯತ್ತೆ ಅನ್ನೋ ಮಾತು ನಮ್ಮ ಅಜ್ಜಿ ಕಾಲಕ್ಕೇ ಸಾಕು.

ದುಡ್ಡಿನ ಮಾತು ತೆಗೆದು ಹಾಕೋ ಹಾಗಿಲ್ಲ. ನಾಲ್ಕು ಗಾಲಿ ಒಂದೇ ಸಾಲಲ್ಲಿರೋ ಒಳ್ಳೆ ರೇಸಿಂಗ್ ಜೋಡಿಗೆ ಹತ್ತಾರು ಸಾವಿರ ಆಗತ್ತೆ. ಕಾಲು ಬೆಳೆದು ವರ್ಷಕ್ಕೇ ಬಿಗಿ ಆಗತ್ತೆ. ಆದ್ರೆ ಶೂ ಸವೆಯೋದಿಲ್ಲ, ಗಾಲಿ ಸವೆಯತ್ತೆ. ಅದೂ ಒಳಗಡೆ ಜಾಸ್ತಿ, ಹಾಗಾಗಿ ಆಗಾಗ ಬಿಚ್ಚಿ ತಿರುಗಿಸಿ ಹಾಕಿದ್ರೆ ಬಾಳಿಕೆ ಬರತ್ತೆ. ನಾವು ಅಕ್ಕನ ಲಂಗ ತಂಗಿಗೆ ಹಾಕಿದೋರು. ಸ್ಕೇಟ್ಸ್ ಯಾಕೆ ಕೈ ಬದಲಾಗ್ಬಾರ್ದು? ಸೀಸನ್ ಮುಗಿದ ಈ ವಾರಾನೇ ಬಿಗಿ ಆಗಿರೋ ಜೋಡಿಗಳ ಸೈಜು ಬರೆದು ಒಂದು ಪಟ್ಟಿ ಮಾಡಿ. ಇಂದಿರಾನಗರದ ಅತ್ತಿಗೆ ಮನೇಲಿ ಎರಡು ಜೋಡಿ ಇದೆ, ಕೆ.ಆರ್. ಪುರದ ಚಿಕ್ಕಮ್ಮನ ಮೊಮ್ಮಗಳಿಗೆ ಒಂದು ಬೇಕು. ಅವ್ರಿಗೆ ಇವ್ರ ವಿಷ್ಯ ಗೊತ್ತೇ ಇಲ್ಲ!

ಪರೀಕ್ಷೆ ಮುಗಿಯೋವರೆಗೂ ವಾರಕ್ಕೆ ಎರಡು ದಿನ, ಅರ್ಧರ್ಧ ಗಂಟೆ ಸಾಕು. ಸೀರಿಯಲ್ ನೋಡೋ ಹೊತ್ತಿಗಿಂತ ಕಮ್ಮಿ. ಮಂಡಿಗೆ ಕಟ್ಟೋ ಪ್ಯಾಡನ್ನ ಮಾತ್ರ ಒಗೆದು ಬಿಸಿಲಿಗೆ ಹಾಕಿ, ಆ ವಾಸನೆ ಯಾರಿಗೂ ಬೇಡ. ಸ್ಕೇಟ್ಸನ್ನ ಬಾಗಿಲ ಹಿಂದೆ, ಹುಡುಗನ ಜೋಡಿ ಪಕ್ಕದಲ್ಲೇ ಇಡಿ. ಏಪ್ರಿಲಲ್ಲಿ ಕ್ಲಾಸು ಮತ್ತೆ ಶುರುವಾದಾಗ ನಿಮ್ಮನೆ ಹುಡುಗಿ ಬರ್ತಾಳೋ ಇಲ್ವೋ, ನಾನಂತೂ ಕೇಳೇ ಕೇಳ್ತೀನಿ.